ರಕ್ತದ ವರದಿಯೂ ಎದೆಯ ಗಂಟೂ

ನಮ್ಮ ಗಡಿನಾಡಿನ ಸಣ್ಣ ಪೇಟೆಗಳಲ್ಲಿಯೂ ಈಗ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಕೊರತೆಯಿಲ್ಲ. ಮನೆಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಅನುಕೂಲವೂ ಹಲವೆಡೆ ಒದಗಿದೆ. ಸಕ್ಕರೆ, ಕೊಬ್ಬು, ಥೈರಾಯ್ಡ್, ಮೂತ್ರಪಿಂಡ ಎಂದು ಹತ್ತಾರು ಪರೀಕ್ಷೆಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿ, ‘ಫುಲ್ ಬಾಡಿ ಚೆಕಪ್’ ಎಂಬ ಹೆಸರಿಟ್ಟು, ರಿಯಾಯಿತಿಯ ದರದಲ್ಲಿ ಮಾರುವುದು ಇಂದಿನ ರೂಢಿ. ಹೆಂಗಸರಿಗೆಂದೇ ಸಿದ್ಧಪಡಿಸಿದ ಕೆಲವು ಕಟ್ಟುಗಳಲ್ಲಿ ‘ಕ್ಯಾನ್ಸರ್ ಮಾರ್ಕರ್’ ಎಂಬ ಸಾಲೊಂದು ಕಾಣಿಸುತ್ತದೆ. ಸ್ತನದ ಮಟ್ಟಿಗೆ ಅದರ ಹೆಸರು ಸಿ.ಎ. 15-3. ವರದಿಯಲ್ಲಿ ಆ ಹೆಸರಿನ ಮುಂದೆ ಒಂದು ಅಂಕೆ ಇರುತ್ತದೆ. ಅಂಕೆಯ ಪಕ್ಕದಲ್ಲಿ ‘ನಾರ್ಮಲ್’ ಎಂದಿದ್ದರೆ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ.

ಈ ನೆಮ್ಮದಿಗೆ ಆಧಾರವೆಷ್ಟು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ವಿಚಾರಿಸಬೇಕೆಂದು ನಾವು ಬಯಸಿದ್ದೇವೆ. ಇದು ಕೇವಲ ಕುತೂಹಲದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ, 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿ ಹೆಂಗಸರಿಗೆ ಸ್ತನದ ಅರ್ಬುದ, ಅಂದರೆ ಕ್ಯಾನ್ಸರ್, ಹೊಸದಾಗಿ ತಗುಲಿತು. ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಮೊದಲ ಹಂತದಲ್ಲಿಯೇ ಹಿಡಿದರೆ ಬಹುಮಟ್ಟಿಗೆ ಗುಣವಾಗುವ ರೋಗವಿದು. ಆದರೂ ನಮ್ಮಲ್ಲಿ ಇಷ್ಟೊಂದು ಸಾವು ಸಂಭವಿಸುವುದಕ್ಕೆ ದೊಡ್ಡ ಕಾರಣವೆಂದರೆ, ರೋಗಿ ವೈದ್ಯರ ಮುಂದೆ ಬಂದು ನಿಲ್ಲುವ ಹೊತ್ತಿಗೆ ಕಾಲ ಮಿಂಚಿರುವುದು. ಹೀಗಿರುವಾಗ, ತಡಮಾಡುವುದಕ್ಕೆ ಇನ್ನೊಂದು ನೆವವನ್ನು ಒದಗಿಸುವ ಯಾವ ಕಾಗದವೂ ನಿರಪಾಯಕಾರಿಯಲ್ಲ. ಅದು ಶುಭವಾರ್ತೆಯ ಕಾಗದವಾಗಿದ್ದರೂ ಅಲ್ಲ.

ಕುರುಹನ್ನು ಅರಸಿದ ಬಗೆ

ದೇಹದೊಳಗೆ ಅಡಗಿದ ಅರ್ಬುದವು ರಕ್ತದಲ್ಲಿಯೋ ಮೂತ್ರದಲ್ಲಿಯೋ ತನ್ನ ಗುರುತನ್ನು ಬಿಟ್ಟಿರಬೇಕೆಂಬ ಊಹೆ ಹಳೆಯದು. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಎಲುಬಿನ ಮಜ್ಜೆಯ ಅರ್ಬುದದಿಂದ ನರಳುತ್ತಿದ್ದ ಒಬ್ಬನ ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನೊಂದನ್ನು ಕಂಡರು. ಕುದಿಸಿದಾಗ ಅದು ಕರಗುತ್ತಿತ್ತು, ಆರಿದಾಗ ಮತ್ತೆ ಹೆಪ್ಪುಗಟ್ಟುತ್ತಿತ್ತು. ಅರ್ಬುದದ ಕುರುಹು ಎಂದು ಹೇಳಬಹುದಾದ ಮೊದಲ ವಸ್ತು ಅದೇ. 1869ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಥಾಮಸ್ ಆಶ್‌ವರ್ತ್ ಎಂಬ ವೈದ್ಯರು, ಅರ್ಬುದದಿಂದ ಮಡಿದವನೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಅವನ ಗಂಟುಗಳಲ್ಲಿದ್ದಂತಹ ಜೀವಕೋಶಗಳೇ ರಕ್ತದಲ್ಲಿಯೂ ಇರುವುದನ್ನು ವರದಿ ಮಾಡಿದರು. 1948ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಾಂಡೆಲ್ ಮತ್ತು ಮೆತೆ ಎಂಬಿಬ್ಬರು, ಜೀವಕೋಶಗಳ ಹೊರಗೆ, ರಕ್ತದ ದ್ರವದಲ್ಲಿಯೇ ಡಿ.ಎನ್.ಎ.ಯ ತುಣುಕುಗಳು ತೇಲಾಡುವುದನ್ನು ಕಂಡುಹಿಡಿದರು. ಆ ಕಾಲಕ್ಕೆ ಅದನ್ನು ಗಮನಿಸಿದವರೇ ವಿರಳ. ಇಂದು ಅದೇ ಶೋಧದ ಮೇಲೆ ದೊಡ್ಡದೊಂದು ಉದ್ಯಮವೇ ಎದ್ದು ನಿಂತಿದೆ.

1965ರಲ್ಲಿ ಕೆನಡದ ಮಾಂಟ್ರಿಯಲ್ಲಿನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬವರು ದೊಡ್ಡ ಕರುಳಿನ ಅರ್ಬುದದಲ್ಲಿ ಸಿ.ಇ.ಎ. ಎಂಬ ವಸ್ತುವನ್ನು ಗುರುತಿಸಿದಾಗ, ಇನ್ನು ಒಂದು ತೊಟ್ಟು ರಕ್ತದಿಂದಲೇ ಅರ್ಬುದವನ್ನು ಹಿಡಿದುಬಿಡಬಹುದೆಂಬ ಆಸೆ ಹಬ್ಬಿತು. ಮುಂದೆ ನೋಡಿದರೆ, ಅರ್ಬುದವಿಲ್ಲದ ಧೂಮಪಾನಿಗಳಲ್ಲಿಯೂ ಯಕೃತ್ತಿನ ಕಾಯಿಲೆಯವರಲ್ಲಿಯೂ ಅದು ಏರುತ್ತಿತ್ತು. ಅರ್ಬುದದ ಆರಂಭದಲ್ಲಿರುವ ಎಷ್ಟೋ ಮಂದಿಯಲ್ಲಿ ಏರುತ್ತಲೇ ಇರಲಿಲ್ಲ. ಬಳಿಕ 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ವಿದ್ಯೆಯನ್ನು ಕಂಡುಕೊಂಡರು. 1984ರ ನೊಬೆಲ್ ಪಾರಿತೋಷಕದಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ಆ ವಿದ್ಯೆಯ ಫಲವಾಗಿ 1980ರ ದಶಕದಲ್ಲಿ ಬಂದ ಪರೀಕ್ಷೆಗಳಲ್ಲಿ ಸಿ.ಎ. 15-3 ಸಹ ಒಂದು.

ಈ ಸಿ.ಎ. 15-3 ಎಂದರೇನು? ಹಾಲಿನ ನಾಳಗಳ ಒಳಮೈಯ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿ ಲೋಳೆಯಂತಹ ಒಂದು ಪ್ರೋಟೀನನ್ನು ಹೊತ್ತಿರುತ್ತವೆ. ಅರ್ಬುದ ಬೆಳೆದಂತೆ ಅದರ ಚೂರುಗಳು ಹೆಚ್ಚು ಹೆಚ್ಚಾಗಿ ಕಳಚಿ ರಕ್ತಕ್ಕೆ ಸೇರುತ್ತವೆ. ಆ ಚೂರುಗಳ ಪ್ರಮಾಣವನ್ನೇ ಈ ಪರೀಕ್ಷೆ ಅಳೆಯುತ್ತದೆ. ಅದು ಅರ್ಬುದಕ್ಕೆ ಮಾತ್ರ ಮೀಸಲಾದ ವಸ್ತುವಲ್ಲ. ಆರೋಗ್ಯವಂತರ ರಕ್ತದಲ್ಲಿಯೂ ಸ್ವಲ್ಪ ಇದ್ದೇ ಇರುತ್ತದೆ. ಯಕೃತ್ತಿನ ಉರಿಯೂತ, ಯಕೃತ್ತು ಗಡಸಾಗುವ ಕಾಯಿಲೆ, ಅಪಾಯವಿಲ್ಲದ ಸ್ತನದ ಗಂಟುಗಳು ಇವುಗಳಲ್ಲಿಯೂ ಅಂಕೆ ಮೇಲೇರಬಹುದು.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೆಯಿದೆ. ಸ್ತನದ ಅರ್ಬುದ ಇದೆಯೆಂದು ಖಚಿತವಾದವರಲ್ಲಿಯೇ ಈ ಅಂಕೆ ಎಷ್ಟು ಮಂದಿಯಲ್ಲಿ ಏರಿರುತ್ತದೆ ಎಂಬ ಲೆಕ್ಕ ತೆಗೆದಿದ್ದಾರೆ. ಒಂದನೆಯ ಹಂತದವರಲ್ಲಿ ನೂರಕ್ಕೆ ಸುಮಾರು 10, ಎರಡನೆಯ ಹಂತದಲ್ಲಿ ಸುಮಾರು 20, ಮೂರನೆಯ ಹಂತದಲ್ಲಿ 40ರ ಸಮೀಪ, ರೋಗವು ದೂರದ ಅಂಗಗಳಿಗೆ ಹರಡಿದ ನಾಲ್ಕನೆಯ ಹಂತದಲ್ಲಿ ಸುಮಾರು 75. ಅಂದರೆ, ರೋಗವನ್ನು ಹಿಡಿಯಬೇಕಾದ ಹೊತ್ತಿನಲ್ಲಿ, ಹಿಡಿದರೆ ಗುಣವಾಗುವ ಹೊತ್ತಿನಲ್ಲಿ, ಹತ್ತರಲ್ಲಿ ಒಂಬತ್ತು ಮಂದಿಯ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಈ ಕಾರಣದಿಂದಲೇ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2007ರ ತನ್ನ ಮಾರ್ಗಸೂಚಿಯಲ್ಲಿ, ರೋಗವಿದೆಯೋ ಇಲ್ಲವೋ ಎಂದು ನೋಡಲು ಸಿ.ಎ. 15-3 ಪರೀಕ್ಷೆಯನ್ನು ಬಳಸಬಾರದೆಂದು ಹೇಳಿತು. ಹಾಗಿದ್ದರೂ ಅದು ತಪಾಸಣೆಯ ಕಟ್ಟುಗಳಲ್ಲಿ ಸೇರಿಕೊಂಡಿದೆ.

ಅಗುಳೂ ಕಲ್ಲೂ

ಸಕ್ಕರೆ ಕಾಯಿಲೆಯನ್ನು ಬೆರಳ ತುದಿಯ ಒಂದು ಹನಿ ರಕ್ತ ಹೇಳಿಬಿಡುತ್ತದೆ, ಅರ್ಬುದವನ್ನೇಕೆ ಹೇಳಲಾರದು? ಇದು ನ್ಯಾಯವಾದ ಪ್ರಶ್ನೆ. ನಮ್ಮ ತಾಯಂದಿರಿಗೆ ಇದರ ಉತ್ತರವನ್ನು ಅಡುಗೆಮನೆಯಿಂದಲೇ ತೆಗೆದು ಹೇಳಬಹುದು. ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಒಂದು ಅಗುಳು ಉಳಿದವುಗಳ ಪರವಾಗಿ ಸಾಕ್ಷಿ ಹೇಳಬಲ್ಲದು. ಆದರೆ ಅನ್ನದಲ್ಲಿ ಕಲ್ಲಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಲದು. ಕಲ್ಲು ಇರುವುದು ಎಲ್ಲೋ ಒಂದೇ ಕಡೆ. ತೆಗೆದ ಸೌಟಿನಲ್ಲಿ ಅದು ಬಾರದಿದ್ದರೆ ಪಾತ್ರೆಯಲ್ಲಿ ಕಲ್ಲೇ ಇಲ್ಲವೆಂದು ಹೇಳುವುದು ಹೇಗೆ? ಸಕ್ಕರೆ ಇಡೀ ರಕ್ತದಲ್ಲಿ ಸಮನಾಗಿ ಬೆರೆತು ಹೇರಳವಾಗಿರುತ್ತದೆ. ಆರಂಭದ ಅರ್ಬುದದ ಕುರುಹು ಅನ್ನದೊಳಗಿನ ಕಲ್ಲಿನಂತೆ.

ತೇಲಾಡುವ ಡಿ.ಎನ್.ಎ.ಯ ಮಾತನ್ನೇ ತೆಗೆದುಕೊಳ್ಳೋಣ. 10 ಮಿಲಿಲೀಟರ್ ರಕ್ತ ತೆಗೆದರೆ ಅದರಲ್ಲಿ ಸುಮಾರು ಅರ್ಧದಷ್ಟು ದ್ರವಭಾಗ. ಆ ದ್ರವದ ಒಂದೊಂದು ಮಿಲಿಲೀಟರಿನಲ್ಲಿ ತೇಲುವ ತುಣುಕುಗಳನ್ನೆಲ್ಲ ಒಟ್ಟುಗೂಡಿಸಿದರೆ ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ಜೀವಕೋಶಗಳ ಡಿ.ಎನ್.ಎ. ಆಗಬಹುದು. ಅವುಗಳಲ್ಲಿ ಬಹುತೇಕ ಎಲ್ಲವೂ ಸಹಜವಾಗಿ ಸಾಯುವ ರಕ್ತಕಣಗಳಿಂದ ಬಂದವು. ಸಣ್ಣ ಗಂಟೊಂದರ ಪಾಲು ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆಯಿರಬಹುದು. ಆಗ ಎಷ್ಟೇ ಬೆಲೆಬಾಳುವ ಯಂತ್ರವಿದ್ದರೂ, ತೆಗೆದ ಕೊಳವೆಯೊಳಗೆ ಹುಡುಕುವ ತುಣುಕು ಒಂದೂ ಬಂದಿರದಿದ್ದರೆ ಯಂತ್ರ ಏನನ್ನು ತಾನೆ ಕಂಡೀತು? ಒಂದೇ ಕುರುಹಿನ ಬದಲು ನೂರಾರು ಕುರುಹುಗಳನ್ನು ಒಟ್ಟಿಗೆ ಅರಸುವ ಹೊಸ ವಿಧಾನಗಳು ಈ ತೊಡಕನ್ನು ಸ್ವಲ್ಪ ಸಡಿಲಿಸಿವೆ, ನಿಜ. ಆದರೆ ಬಿಡಿಸಿಲ್ಲ.

2018ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಬಗೆಯ ಅರ್ಬುದಗಳನ್ನು ಒಂದೇ ರಕ್ತಪರೀಕ್ಷೆಯಿಂದ ಹಿಡಿಯುವ ಪ್ರಯತ್ನದ ಫಲಿತಾಂಶವನ್ನು ಪ್ರಕಟಿಸಿದರು. ದೂರಕ್ಕೆ ಹರಡದ ಅರ್ಬುದವುಳ್ಳ 1,005 ರೋಗಿಗಳ ರಕ್ತವನ್ನು ಅವರು ಪರೀಕ್ಷಿಸಿದ್ದರು. ಅಂಡಾಶಯದ ಮತ್ತು ಯಕೃತ್ತಿನ ಅರ್ಬುದಗಳನ್ನು ಅದು ಚೆನ್ನಾಗಿ ಗುರುತಿಸಿತು. ಎಂಟರಲ್ಲಿ ಅತ್ಯಂತ ಹಿಂದುಳಿದದ್ದು ಸ್ತನದ ಅರ್ಬುದವೇ: ನೂರರಲ್ಲಿ 33. ಐವತ್ತಕ್ಕೂ ಹೆಚ್ಚು ಬಗೆಯ ಅರ್ಬುದಗಳನ್ನು ಅರಸುವ ಇನ್ನೊಂದು ಪರೀಕ್ಷೆಯ ಬಗ್ಗೆ 2021ರಲ್ಲಿ ಬಂದ ವರದಿಯಂತೆ, ಎಲ್ಲ ಬಗೆಗಳನ್ನೂ ಸೇರಿಸಿ ಒಂದನೆಯ ಹಂತದಲ್ಲಿ ಅದು ಹಿಡಿದದ್ದು ನೂರಕ್ಕೆ ಸುಮಾರು 17ನ್ನು ಮಾತ್ರ. ಇವು ವಿಜ್ಞಾನದ ದೃಷ್ಟಿಯಿಂದ ದೊಡ್ಡ ಸಾಧನೆಗಳೇ. ಆದರೆ ಮನೆಯ ಹೆಣ್ಣುಮಗಳೊಬ್ಬಳಿಗೆ ‘ನಿನಗೇನೂ ಇಲ್ಲ’ ಎಂದು ಹೇಳಿಬಿಡುವ ಅಧಿಕಾರ ಅವುಗಳಿಗೆ ಇನ್ನೂ ಬಂದಿಲ್ಲ.

ಒಂದು ಲೆಕ್ಕ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಲೆಕ್ಕದ ಸಲುವಾಗಿ 10,000 ಮಂದಿ ಹೆಂಗಸರನ್ನು ಹಿಡಿಯೋಣ. ಅವರಲ್ಲಿ 10 ಮಂದಿಗೆ ತಿಳಿಯದಂತೆ ಆರಂಭದ ಅರ್ಬುದವಿದೆ ಎಂದುಕೊಳ್ಳೋಣ. ರೋಗವಿಲ್ಲದವರನ್ನು ನೂರಕ್ಕೆ 99ರಷ್ಟು ಸರಿಯಾಗಿ ‘ಇಲ್ಲ’ ಎನ್ನುವ, ರೋಗವಿರುವವರಲ್ಲಿ ಮೂರರಲ್ಲೊಬ್ಬರನ್ನು ಹಿಡಿಯುವ ಪರೀಕ್ಷೆಯೊಂದು ನಮ್ಮ ಕೈಯಲ್ಲಿದೆ. ಕೇಳುವುದಕ್ಕೆ ಒಳ್ಳೆಯ ಪರೀಕ್ಷೆಯೇ. ಆದರೆ ರೋಗವಿಲ್ಲದ 9,990 ಮಂದಿಯಲ್ಲಿ ನೂರಕ್ಕೊಬ್ಬರಂತೆ ಸುಮಾರು 100 ಮಂದಿಗೆ ‘ಇದೆ’ ಎಂಬ ವರದಿ ಬರುತ್ತದೆ. ರೋಗವಿರುವ 10 ಮಂದಿಯಲ್ಲಿ ಮೂವರಿಗೆ ‘ಇದೆ’ ಎಂದು ಬರುತ್ತದೆ. ಒಟ್ಟು 103 ಮನೆಗಳಲ್ಲಿ ನಿದ್ದೆ ಕೆಡುತ್ತದೆ; ಸ್ಕ್ಯಾನು, ಸೂಜಿಪರೀಕ್ಷೆ, ಸಾಲ, ಹರಕೆ ಎಲ್ಲವೂ ನಡೆಯುತ್ತವೆ; ನಿಜವಾಗಿ ರೋಗವಿರುವುದು ಮೂರು ಮನೆಗಳಲ್ಲಿ. ಉಳಿದ ಏಳು ಮಂದಿ ರೋಗಿಗಳು ‘ಏನೂ ಇಲ್ಲ’ ಎಂಬ ಕಾಗದವನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಈ ಏಳು ಮಂದಿಯ ನಿಶ್ಚಿಂತೆಯೇ ನಮ್ಮನ್ನು ಹೆಚ್ಚಾಗಿ ಕಾಡುವುದು.

ರಕ್ತಪರೀಕ್ಷೆ ಸಲ್ಲುವ ಎಡೆ

ಹಾಗೆಂದು ರಕ್ತದ ಕುರುಹುಗಳೆಲ್ಲ ನಿರುಪಯುಕ್ತವೆಂದು ಓದುಗರು ಭಾವಿಸಬಾರದು. ಅವು ಸಲ್ಲುವ ಎಡೆಯೇ ಬೇರೆ. ರೋಗವು ಖಚಿತವಾಗಿ, ದೇಹದಲ್ಲಿ ಹರಡಿ, ಔಷಧೋಪಚಾರ ನಡೆಯುತ್ತಿರುವಾಗ ಸಿ.ಎ. 15-3 ಅಂಕೆ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದು, ಸ್ಕ್ಯಾನುಗಳ ಜೊತೆಯಲ್ಲಿ, ವೈದ್ಯರಿಗೆ ದಾರಿ ತೋರಿಸುತ್ತದೆ. ರಕ್ತದಲ್ಲಿ ಅಲೆಯುವ ಅರ್ಬುದಕೋಶಗಳನ್ನು ಎಣಿಸುವ ಯಂತ್ರವೊಂದಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹರಡಿದ ಸ್ತನದ ಅರ್ಬುದವುಳ್ಳವರಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಕೋಶಗಳಿದ್ದರೆ ರೋಗದ ಗತಿ ಕಠಿಣವೆಂದು ಆ ವರ್ಷವೇ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಆ ಎಣಿಕೆಯನ್ನು ನೋಡಿ ಔಷಧವನ್ನು ಬೇಗನೆ ಬದಲಿಸಿದರೆ ಆಯುಷ್ಯ ಹೆಚ್ಚುವುದೇ ಎಂದು ಪರೀಕ್ಷಿಸಿದಾಗ, ಹೆಚ್ಚಲಿಲ್ಲವೆಂದು 2014ರಲ್ಲಿ ತಿಳಿದುಬಂದಿತು. ತಿಳಿಯುವುದು ಬೇರೆ, ತಿಳಿದದ್ದರಿಂದ ರೋಗಿಗೆ ಒಳಿತಾಗುವುದು ಬೇರೆ ಎಂಬ ಪಾಠವನ್ನು ಈ ಎರಡು ಅಧ್ಯಯನಗಳು ಕಲಿಸುತ್ತವೆ.

ತೇಲುವ ಡಿ.ಎನ್.ಎ.ಯ ಪರೀಕ್ಷೆ ಈ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿದೆ. ರೋಗ ಹರಡಿದವರಲ್ಲಿ ಯಾವ ಔಷಧ ನಾಟುವುದೆಂದು ನಿರ್ಧರಿಸಲು ಈಗ ಹಲವು ವೇಳೆ ಗಂಟಿನ ಚೂರಿನ ಬದಲು ರಕ್ತವೇ ಸಾಕಾಗುತ್ತದೆ. 2025ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಹಾರ್ಮೋನ್ ಚಿಕಿತ್ಸೆಗೆ ಅರ್ಬುದವು ಒಗ್ಗಿಕೊಳ್ಳುತ್ತಿದೆಯೆಂಬ ಸೂಚನೆಯನ್ನು ರಕ್ತದಲ್ಲಿ ಮೊದಲೇ ಕಂಡು, ಸ್ಕ್ಯಾನಿನಲ್ಲಿ ರೋಗ ಬೆಳೆದು ತೋರುವ ಮೊದಲೇ ಔಷಧವನ್ನು ಬದಲಿಸಲಾಯಿತು. ರೋಗವು ಮುಂದುವರಿಯದೆ ನಿಂತ ಅವಧಿಯ ಮಧ್ಯಮಾನ ಸುಮಾರು 9 ತಿಂಗಳಿಂದ 16 ತಿಂಗಳಿಗೆ ಏರಿತು. ಇದು ಸಣ್ಣ ಮಾತಲ್ಲ. ಶಸ್ತ್ರಚಿಕಿತ್ಸೆಯಾದವರಲ್ಲಿ ರೋಗವು ಮರುಕಳಿಸುವುದನ್ನು ರಕ್ತವು ಕೆಲವು ವೇಳೆ ಹಲವು ತಿಂಗಳ ಮೊದಲೇ ಸೂಚಿಸುತ್ತದೆ ಎಂಬುದೂ ಕಂಡುಬಂದಿದೆ. ಇಲ್ಲೆಲ್ಲ ರಕ್ತವು ಈಗಾಗಲೇ ಪರಿಚಯವಾದ ಶತ್ರುವಿನ ಚಲನವಲನವನ್ನು ಹೇಳುತ್ತಿದೆ ಎಂಬುದನ್ನು ಗಮನಿಸಬೇಕು. ಮೊದಲ ಸಲ ಶತ್ರುವನ್ನು ಗುರುತಿಸುವ ಕೆಲಸ ಅದರದಲ್ಲ.

ಇನ್ನೊಂದು ರಕ್ತಪರೀಕ್ಷೆಯನ್ನು ಜನರು ಇದರೊಡನೆ ಬೆರೆಸಿಕೊಳ್ಳುವುದುಂಟು. ಅದು ವಂಶವಾಹಿಯ ಪರೀಕ್ಷೆ. 1990ರಲ್ಲಿ ಅಮೆರಿಕದ ಮೇರಿ ಕ್ಲೇರ್ ಕಿಂಗ್ ಅವರು ಕೆಲವು ಕುಟುಂಬಗಳ ಸ್ತನದ ಅರ್ಬುದದ ಮೂಲ 17ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. ಬಿ.ಆರ್.ಸಿ.ಎ. 1 ಎಂಬ ಆ ವಂಶವಾಹಿ 1994ರಲ್ಲಿಯೂ, ಬಿ.ಆರ್.ಸಿ.ಎ. 2 ಅದರ ಮರುವರ್ಷವೂ ಕೈಗೆ ಸಿಕ್ಕವು. ಇವುಗಳಲ್ಲಿ ದೋಷವುಳ್ಳ ಹೆಂಗಸರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ 80 ವರ್ಷದೊಳಗೆ ಸ್ತನದ ಅರ್ಬುದ ಬರಬಹುದು. ಆದರೆ ಈ ಪರೀಕ್ಷೆ ಹೇಳುವುದು ಮುಂದೆ ಬರಬಹುದಾದ ಅಪಾಯವನ್ನೇ ಹೊರತು, ಇಂದು ರೋಗವಿದೆಯೇ ಎಂಬುದನ್ನಲ್ಲ. ಸ್ತನದ ಅರ್ಬುದಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ಹೀಗೆ ವಂಶದಿಂದ ಬಂದವು. ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು, ಅತ್ತೆಯರು ಇವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಅದರಲ್ಲಿಯೂ ಚಿಕ್ಕ ವಯಸ್ಸಿನಲ್ಲಿ, ಸ್ತನದ ಅಥವಾ ಅಂಡಾಶಯದ ಅರ್ಬುದ ಬಂದಿದ್ದರೆ ಈ ಬಗ್ಗೆ ವೈದ್ಯರನ್ನು ಕೇಳಬೇಕು. ಈ ದೋಷವು ತಂದೆಯ ಕಡೆಯಿಂದಲೂ ಬರುತ್ತದೆಂಬುದನ್ನು ನಾವು ಮರೆಯುತ್ತೇವೆ. ಆದುದರಿಂದ ಸೋದರತ್ತೆಯ ಕಾಯಿಲೆಯನ್ನು ಸಹ ಲೆಕ್ಕಕ್ಕೆ ಹಿಡಿಯಬೇಕು.

ತೋಳನ್ನು ನೀಡಿದಷ್ಟು ಸುಲಭವಲ್ಲ

ರಕ್ತಪರೀಕ್ಷೆಯೆಂದರೆ ನಮ್ಮ ಹೆಂಗಸರಿಗೆ ಏಕೆ ಅಷ್ಟು ಹಿತ? ಬೆಲೆಯಾಗಲಿ ರಿಯಾಯಿತಿಯಾಗಲಿ ಇದಕ್ಕೆ ಪೂರ್ತಿ ಕಾರಣವಲ್ಲವೆಂದು ನಮ್ಮ ನಂಬಿಕೆ. ರಕ್ತಪರೀಕ್ಷೆಗೆ ತೋಳನ್ನು ನೀಡಿದರೆ ಸಾಕು, ಎದೆಯನ್ನು ತೋರಿಸಬೇಕಾಗಿಲ್ಲ. ಮಕ್ಕಳನ್ನು ಹೆತ್ತು ಸಾಕಿ, ಮನೆಯವರೆಲ್ಲರ ಜ್ವರ ಕೆಮ್ಮುಗಳನ್ನು ನೋಡಿಕೊಂಡ ತಾಯಿ, ತನ್ನ ಎದೆಯ ಗಂಟನ್ನು ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳುತ್ತಾಳೆ. ನೋವಿಲ್ಲವಲ್ಲ ಎಂಬುದು ಅವಳ ಸಮಾಧಾನ. ನೋವಿಲ್ಲದಿರುವುದೇ ಈ ಗಂಟಿನ ಲಕ್ಷಣವೆಂಬುದನ್ನು ಅವಳಿಗೆ ಹೇಳಿದವರಾರು? ಎದೆ ಹಾಲುಣಿಸುವ ತಾಯಂದಿರಲ್ಲಿ ಹಾಲು ಕಟ್ಟಿದೆಯೆಂದು ಗಂಟನ್ನು ಅಸಡ್ಡೆ ಮಾಡುವುದೂ ಉಂಟು.

ಗಡಿನಾಡಿನಲ್ಲಿ ಈ ಸಂಕೋಚಕ್ಕೆ ಮಾತಿನ ತೊಡಕೂ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ನೆರೆಭಾಷೆಯನ್ನು ನಿರಾಯಾಸವಾಗಿ ಆಡುವ ಹೆಂಗಸೂ ತನ್ನ ಮೈಯ ವಿಚಾರಕ್ಕೆ ಬಂದಾಗ ತಾಯ್ನುಡಿಯ ಆಸರೆಯಿಲ್ಲದೆ ತಡವರಿಸುತ್ತಾಳೆ. ಮನೆಯಲ್ಲೇ ಇರುವ ಅಜ್ಜಿಯಂದಿರ ಪಾಡನ್ನು ಹೇಳುವುದೇ ಬೇಡ. ಆದುದರಿಂದ ‘ಗಂಟು’ ಎಂಬ ಒಂದು ಮಾತನ್ನಾದರೂ ನಮ್ಮ ಸೋದರಿಯರು ನೆರೆಯ ನುಡಿಯಲ್ಲಿ ಕಲಿತಿರುವುದು ಲೇಸು. ಮಲಯಾಳದಲ್ಲಿ ಅದು, ನಮ್ಮ ಹಳಗನ್ನಡದ ೞಕಾರವನ್ನು ಸೇರಿಸಿ, ‘ಮುೞ’, ತಮಿಳಿನಲ್ಲಿ ‘ಕಟ್ಟಿ’, ಮರಾಠಿಯಲ್ಲಿ ‘ಗಾಠ’, ತೆಲುಗಿನಲ್ಲಿ ‘ಗಡ್ಡ’. ಈ ಒಂದು ಮಾತನ್ನು ಹೇಳಿ ಎಡೆಯನ್ನು ಬೆರಳಿನಿಂದ ತೋರಿಸಿದರೆ, ಉಳಿದುದನ್ನು ನರ್ಸಮ್ಮನವರೋ ಡಾಕ್ಟರೋ ತಾವೇ ಕೇಳಿ ತಿಳಿದುಕೊಳ್ಳುತ್ತಾರೆ.

ಬರಿಯ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗೆ ಬೆಲೆಯಿದೆಯೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ಸಾಕ್ಷ್ಯವಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 1 ಲಕ್ಷ 51 ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷಿಸಿದ ಗುಂಪಿನಲ್ಲಿ ರೋಗ ಬಲಿತ ಮೇಲೆ ಬಂದವರು ನೂರಕ್ಕೆ 37; ಪರೀಕ್ಷಿಸದ ಗುಂಪಿನಲ್ಲಿ 47. ಐವತ್ತು ದಾಟಿದವರಲ್ಲಿ ಸ್ತನದ ಅರ್ಬುದದ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ತಿರುವನಂತಪುರದಲ್ಲಿ 1 ಲಕ್ಷ 15 ಸಾವಿರ ಹೆಂಗಸರಲ್ಲಿ ನಡೆದ ಇಂತಹುದೇ ಪ್ರಯೋಗದ ಬಗ್ಗೆ 2011ರಲ್ಲಿ ಬಂದ ವರದಿ, ಕೈಪರೀಕ್ಷೆ ನಡೆದ ಕಡೆ ಆರಂಭದ ಹಂತದ ರೋಗ ಇಮ್ಮಡಿಗಿಂತ ಹೆಚ್ಚಾಗಿ ಪತ್ತೆಯಾಯಿತೆಂದು ತಿಳಿಸಿತು. ಕೈಯೂ ಸರ್ವಜ್ಞನಲ್ಲ, ಅಲ್ಲಿ ಕಾರ್ಯಕರ್ತೆಯರ ಕೈ ಸುಮಾರು ಅರ್ಧದಷ್ಟು ಅರ್ಬುದಗಳನ್ನು ಮಾತ್ರ ಹಿಡಿಯಿತು. ಆದರೂ ಆರಂಭದ ರೋಗವನ್ನು ಹಿಡಿಯುವುದರಲ್ಲಿ ಅದು ಸಿ.ಎ. 15-3ಕ್ಕಿಂತ ಎಷ್ಟೋ ಮೇಲು.

ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವಿಚಾರದಲ್ಲಿಯೂ ಒಂದು ಮಾತು. ಚೀನದ ಶಾಂಘೈ ನಗರದಲ್ಲಿ ಬಟ್ಟೆಗಿರಣಿಗಳ 2 ಲಕ್ಷ 66 ಸಾವಿರ ಹೆಂಗಸರಲ್ಲಿ ನಡೆದ ಪ್ರಯೋಗವು, ಕ್ರಮವಾದ ಸ್ವಪರೀಕ್ಷೆಯನ್ನು ಕಲಿಸುವುದರಿಂದ ಸಾವು ಕಡಿಮೆಯಾಗಲಿಲ್ಲವೆಂದು 2002ರಲ್ಲಿ ತಿಳಿಸಿತು. ಆದುದರಿಂದ ತಿಂಗಳಿಗೊಮ್ಮೆ ವ್ರತದಂತೆ ಅದನ್ನು ಆಚರಿಸಬೇಕೆಂದು ನಾವು ಹೇಳುವುದಿಲ್ಲ. ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ತನ್ನ ಮೈ ಹೇಗಿದೆಯೆಂಬುದನ್ನು ಅರಿತಿರಬೇಕು; ಹೊಸದಾಗಿ ಏನಾದರೂ ಕಂಡರೆ ಅಡಗಿಸಬಾರದು. ಇಷ್ಟೇ.

ಏನನ್ನು ಗಮನಿಸಬೇಕು? ಸ್ತನದಲ್ಲಿಯೋ ಕಂಕುಳಲ್ಲಿಯೋ ಗಂಟು, ನೋವಿದ್ದರೂ ಇಲ್ಲದಿದ್ದರೂ. ಚರ್ಮ ಒಳಕ್ಕೆ ಸೆಳೆದಂತೆ ಗುಳಿಬೀಳುವುದು, ಅಥವಾ ಕಿತ್ತಳೆ ಸಿಪ್ಪೆಯಂತೆ ದಪ್ಪವಾಗುವುದು. ಮೊದಲು ಸರಿಯಿದ್ದ ತೊಟ್ಟು ಒಳಸೇರುವುದು. ತೊಟ್ಟಿನಿಂದ ರಕ್ತ ಬೆರೆತ ದ್ರವ ಒಸರುವುದು. ತೊಟ್ಟಿನ ಮೇಲೆ ಮಾಯದ ಹುಣ್ಣು. ಹಾಲುಣಿಸುವವರಲ್ಲಿಯೂ ಎರಡು ವಾರದೊಳಗೆ ಕರಗದ ಗಂಟನ್ನು ತೋರಿಸಬೇಕು. ಕಂಡ ಗಂಟುಗಳಲ್ಲಿ ಬಹುಪಾಲು ಅರ್ಬುದವಲ್ಲ. ಆದರೆ ಯಾವುದು ಅಲ್ಲ, ಯಾವುದು ಹೌದು ಎಂದು ತೀರ್ಮಾನಿಸುವುದು ಮೂರು ಪರೀಕ್ಷೆಗಳಿಂದ: ವೈದ್ಯರ ಕೈ, ಮ್ಯಾಮೋಗ್ರಾಮ್ ಅಥವಾ, ಚಿಕ್ಕ ವಯಸ್ಸಿನವರಲ್ಲಿ, ಅಲ್ಟ್ರಾಸೌಂಡ್ ಸ್ಕ್ಯಾನು, ಬೇಕೆನಿಸಿದರೆ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆ ಭಯದಿಂದ ತಡಮಾಡಿದರೆ ಹರಡುವುದು ಮಾತ್ರ ನಿಜ. ಈ ಮೂರರ ಪಟ್ಟಿಯಲ್ಲಿ ರಕ್ತದ ಕುರುಹಿಗೆ ಸ್ಥಾನವಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಕೇಂದ್ರ ಸರಕಾರವು 2016ರಲ್ಲಿ ರೂಪಿಸಿದ ಕಾರ್ಯಕ್ರಮದಂತೆ, 30 ವರ್ಷ ದಾಟಿದ ಹೆಂಗಸರ ಸ್ತನಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ನಡೆಯಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಗಡಿಯ ಯಾವ ಮಗ್ಗುಲಲ್ಲಿದ್ದರೂ ಇದು ನಿಮ್ಮ ಹಕ್ಕು. ಮುಂದಿನ ಚಿಕಿತ್ಸೆಗೆ ಕಾಸರಗೋಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಹೊಸೂರು ತಾಳವಾಡಿಯವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಅಥವಾ ಚೆನ್ನೈಯ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಸೊಲ್ಲಾಪುರ ಅಕ್ಕಲಕೋಟೆಯವರಿಗೆ ಮುಂಬಯಿಯ ಟಾಟಾ ಆಸ್ಪತ್ರೆ, ತೆಲಂಗಾಣದ ಕಡೆಯವರಿಗೆ ಹೈದರಾಬಾದಿನ ಎಂ.ಎನ್.ಜೆ. ಸಂಸ್ಥೆ ಇವೆ. ದೂರವೆಂದು ಮೊದಲ ಹೆಜ್ಜೆಯನ್ನು ತಡೆಯಬೇಕಾಗಿಲ್ಲ. ಮೊದಲ ಹೆಜ್ಜೆ ಇರುವುದು ಊರಿನ ಡಾಕ್ಟರ ಬಳಿಗೆ.

ಮನೆಯ ಗಂಡಸರಿಗೂ ಒಂದು ಬಿನ್ನಹ. ಸ್ತನದ ಅರ್ಬುದವುಳ್ಳ ನೂರು ಮಂದಿಯಲ್ಲಿ ಒಬ್ಬ ಗಂಡಸೂ ಇರುತ್ತಾನೆಂಬುದು ಹಾಗಿರಲಿ. ಹೆಂಡತಿಯೋ ತಾಯಿಯೋ ಅಕ್ಕನೋ ಸಂಕೋಚದಿಂದ ಅರ್ಧಮಾತಿನಲ್ಲಿ ಏನನ್ನೋ ಸೂಚಿಸಿದಾಗ, ‘ಒಂದು ಬ್ಲಡ್ ಟೆಸ್ಟ್ ಮಾಡಿಸಿಬಿಡೋಣ’ ಎಂದು ಮಾತು ಮುಗಿಸಬೇಡಿ. ರಿಯಾಯಿತಿಯ ಕಟ್ಟನ್ನು ಕೊಳ್ಳುವ ಹಣದಲ್ಲಿ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು ತೂಗುತ್ತದೆ. ಜೊತೆಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಕುಳಿತಿರಿ. ವರದಿ ಏನೇ ಹೇಳಲಿ, ಕೈಗೆ ಗಂಟು ಸಿಕ್ಕಿದ್ದರೆ ಕೈಯನ್ನು ನಂಬಿ. ರಕ್ತವು ಮೌನವಾಗಿದ್ದ ಮಾತ್ರಕ್ಕೆ ಮೈ ನಿರೋಗಿಯೆಂದು ಅರ್ಥವಲ್ಲ.